ಕಡಲು ಬೆಚ್ಚಗಾದರೆ ಕಡಲಕಳೆ ಸೊರಗುವುದೇಕೆ?

ಓದುಗರ ಪ್ರಶ್ನೆ – ಅಂಕಣಕಾರರ ಉತ್ತರ

ತಣ್ಣನೆಯ ಸಮುದ್ರಗಳ ಅಂಚಿನಲ್ಲಿ ನೀರಿನೊಳಗೇ ಬೆಳೆಯುವ ಕೆಲ್ಪ್ ಎಂಬ ದೈತ್ಯ ಕಡಲಕಳೆಯ ಕಾಡುಗಳು, ಕಡಲು ಬಿಸಿಯೇರುತ್ತಿರುವುದರಿಂದ ಕ್ಷೀಣಿಸುತ್ತಿವೆ ಎಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕಡಲೇ ಇಲ್ಲದ ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳವು. ತುಮಕೂರಿನಲ್ಲಿ ಕುಳಿತು ಈ ಅಂಕಣ ಬರೆಯುವ ನನಗೆ ಇದರಿಂದ ಆದ ಸಂತೋಷ ಸಣ್ಣದಲ್ಲ. ಐದು ಪತ್ರಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲನೆಯ ಪ್ರಶ್ನೆ ಉಳಿದೆಲ್ಲದರ ಬುಡದಲ್ಲಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮೂರ ಕೆರೆಯಲ್ಲಿ ಬೇಸಿಗೆ ಬಂತೆಂದರೆ ಪಾಚಿ ಹಸಿರು ಕಂಬಳಿಯಂತೆ ಹಬ್ಬುತ್ತದೆ. ಬಿಸಿಲು ಏರಿದಷ್ಟೂ ಅದರ ಅಬ್ಬರ ಹೆಚ್ಚು. ಹೀಗಿರುವಾಗ, ಕಡಲ ನೀರು ಎರಡು ಮೂರು ಡಿಗ್ರಿ ಬಿಸಿಯಾದರೆ ಅಲ್ಲಿನ ಪಾಚಿ ಸಾಯುತ್ತದೆ ಎಂದು ಬರೆದಿದ್ದೀರಿ. ಕೆರೆಯಲ್ಲಿ ಕೊಬ್ಬುವ ಪಾಚಿ ಕಡಲಲ್ಲಿ ಸಾಯುವುದು ಹೇಗೆ, ದಯವಿಟ್ಟು ವಿವರಿಸಿ.
– ಒಬ್ಬ ರೈತರು, ಮುಳಬಾಗಿಲು ತಾಲ್ಲೂಕು

ಉತ್ತರ: ನೀವು ಕಣ್ಣಾರೆ ಕಂಡದ್ದು ನಿಜ, ನಾನು ಬರೆದದ್ದೂ ನಿಜ. ಎರಡನ್ನೂ ಕೂಡಿಸಲು ಮೊದಲು ಒಂದು ಮಾತು ಹೇಳಬೇಕು. ಪಾಚಿ ಎಂಬ ಒಂದೇ ಹೆಸರಿನಡಿ ನಾವು ಬಹಳ ದೂರದ ಸಂಬಂಧಿಗಳನ್ನು ಕೂಡಿಹಾಕಿದ್ದೇವೆ. ಕೆರೆಯ ಮೇಲೆ ತೇಲುವುದು ಬಹುಮಟ್ಟಿಗೆ ಬರಿಗಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಜೀವಿಗಳ ರಾಶಿ. ಕೆಲ್ಪ್ ಕಂದು ಪಾಚಿಗಳ ಗುಂಪಿಗೆ ಸೇರಿದ್ದು. ಅದರಲ್ಲಿ ದೈತ್ಯ ಕೆಲ್ಪ್ ಎಂಬ ಜಾತಿ 30 ಮೀಟರಿಗೂ ಮಿಕ್ಕಿ, ಎಂದರೆ ನಮ್ಮ ತೆಂಗಿನ ಮರವನ್ನೂ ಮೀರಿ ಬೆಳೆಯುತ್ತದೆ; ಎಲ್ಲವೂ ಅನುಕೂಲವಾಗಿದ್ದರೆ ದಿನಕ್ಕೆ ಅರ್ಧ ಮೀಟರಿನಷ್ಟು ಉದ್ದವಾಗುವುದೂ ಉಂಟು. ಅದಕ್ಕೆ ಬೇರಿಲ್ಲ. ಬುಡದಲ್ಲಿ ಬಂಡೆಯನ್ನು ಕಚ್ಚಿ ಹಿಡಿಯುವ ಒಂದು ಹಿಡಿಕೆ ಇದೆ, ಅಷ್ಟೇ. ಆಹಾರವನ್ನು ಅದು ಸುತ್ತಲಿನ ನೀರಿನಿಂದ ಮೈಯೆಲ್ಲದರಿಂದಲೂ ಹೀರಿಕೊಳ್ಳುತ್ತದೆ.

ಎಲ್ಲ ವ್ಯತ್ಯಾಸವೂ ಈ ಆಹಾರದಲ್ಲಿದೆ. ನಿಮ್ಮ ಕೆರೆಗೆ ಹೊಲದ ಗೊಬ್ಬರ, ಊರಿನ ಬಚ್ಚಲ ನೀರು, ದನಕರುಗಳ ಸಗಣಿ ಎಲ್ಲವೂ ಹರಿದು ಬಂದು ಸೇರಿರುತ್ತವೆ. ಸಾರಜನಕಕ್ಕೂ ರಂಜಕಕ್ಕೂ ಅಲ್ಲಿ ಬರವಿಲ್ಲ. ಊಟ ಸಿದ್ಧವಿರುವ ಕಡೆ ಬಿಸಿಲು ಬಂದರೆ ಪಾಚಿ ಹೆಚ್ಚುವುದು ಸಹಜ. ಕಡಲಲ್ಲಿ ಸಾರಜನಕದ ಉಗ್ರಾಣವಿರುವುದು ಆಳದ ತಣ್ಣನೆಯ ನೀರಿನಲ್ಲಿ. ಕರಾವಳಿಯುದ್ದಕ್ಕೂ ಬೀಸುವ ಗಾಳಿ ಮೇಲ್ಪದರದ ನೀರನ್ನು ಆಚೆ ತಳ್ಳಿದಾಗ ಆ ಆಳದ ನೀರು ಮೇಲೆದ್ದು ಬರುತ್ತದೆ, ಕೆಲ್ಪ್ ಉಣ್ಣುತ್ತದೆ. ಮೇಲ್ಪದರ ಬಿಸಿಯಾದರೆ ಹಗುರವಾಗಿ, ಆಳದ ಭಾರವಾದ ತಣ್ಣೀರಿನ ಮೇಲೆ ಮುಚ್ಚಳದಂತೆ ಕೂರುತ್ತದೆ. ಗಾಳಿ ಬೀಸಿದರೂ ಉಗ್ರಾಣದ ನೀರು ಸುಲಭವಾಗಿ ಮೇಲೇಳದು. ಸಾವಿರ ಅಡಿ ಕೆಳಗೆ ನೀರಿದ್ದು, ಎತ್ತುವ ಮೋಟರು ನಿಂತು, ಮೇಲೆ ಬೆಳೆ ಒಣಗುವುದನ್ನು ಕೋಲಾರದವರಿಗೆ ನಾನು ವಿವರಿಸಬೇಕಾಗಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯದ ಕರಾವಳಿಯಲ್ಲಿ ನೀರಿನ ಬಿಸಿ ಸುಮಾರು 16 ಡಿಗ್ರಿ ಸೆಲ್ಸಿಯಸ್ ಮೀರಿತೆಂದರೆ ಅದರಲ್ಲಿ ನೈಟ್ರೇಟ್, ಅಂದರೆ ಕೆಲ್ಪ್ ಉಣ್ಣುವ ರೂಪದ ಸಾರಜನಕ, ಹೆಚ್ಚುಕಡಿಮೆ ಬರಿದಾಗಿರುತ್ತದೆ. ದೈತ್ಯ ಕೆಲ್ಪ್ ತನ್ನ ಮೈಯಲ್ಲಿ ಕೂಡಿಟ್ಟ ಸಾರಜನಕ ಕೆಲವೇ ವಾರಗಳಿಗೆ ಸಾಲುತ್ತದೆ. ಆದ್ದರಿಂದ ಬಿಸಿ ನೀರಿನಲ್ಲಿ ಕೆಲ್ಪ್ ಬೇಯುವುದಕ್ಕಿಂತ ಮೊದಲು ಹಸಿಯುತ್ತದೆ. ಈ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಇದೇ ಎಂದು ನನ್ನ ಭಾವನೆ.

ಹಸಿವಿನ ಜೊತೆಗೆ ಖರ್ಚೂ ಏರುತ್ತದೆ. ಬಿಸಿ ಹೆಚ್ಚಿದಂತೆ ಉಸಿರಾಟದಲ್ಲಿ ಕರಗುವ ಶಕ್ತಿ, ದ್ಯುತಿಸಂಶ್ಲೇಷಣೆಯಿಂದ ಗಳಿಸುವ ಶಕ್ತಿಗಿಂತ ಬೇಗ ಬೆಳೆಯುತ್ತದೆ. ಇನ್ನು ಸಂತಾನದ ಮಾತು. ಟೊಮೆಟೊ ಗಿಡ ಏಪ್ರಿಲ್‌ನ ಉರಿಯಲ್ಲಿ ಬದುಕಿದ್ದರೂ ಹೂ ನಿಲ್ಲದೆ ಉದುರುತ್ತದಲ್ಲವೇ, ಅದೇ ರೀತಿ ಕೆಲ್ಪ್‌ನ ಬೀಜಾಣುಗಳಿಂದ ಹುಟ್ಟುವ, ಕಣ್ಣಿಗೆ ಕಾಣದಷ್ಟು ಸಣ್ಣ ಗಂಡು ಹೆಣ್ಣು ಸಸಿಗಳು ದೊಡ್ಡ ಕೆಲ್ಪ್‌ಗಿಂತ ಬೇಗ ಬಿಸಿಗೆ ಸೋತು ಬಂಜೆಯಾಗುತ್ತವೆ. ಮೇಲಿನಿಂದ ನೋಡಿದವರಿಗೆ ಕಾಡು ಇನ್ನೂ ಇದೆ ಎಂದೇ ಕಾಣುತ್ತದೆ. ಮುಂದಿನ ತಲೆಮಾರು ಮಾತ್ರ ಬಂಡೆಯ ಮೇಲೆ ಹುಟ್ಟಿರುವುದಿಲ್ಲ.

ಇಷ್ಟನ್ನೂ ಹೇಗೋ ಸಹಿಸಿದ ಕಾಡನ್ನು ಮುಗಿಸುವುದು ಬಿಸಿ ನೀರಿನ ಜೊತೆ ಬರುವ ಬಾಯಿಗಳು. ಆಸ್ಟ್ರೇಲಿಯದ ಪಶ್ಚಿಮ ಕರಾವಳಿಯಲ್ಲಿ 2011ರ ಮೊದಲ ತಿಂಗಳುಗಳಲ್ಲಿ ನೀರು ವಾಡಿಕೆಗಿಂತ 2ರಿಂದ 4 ಡಿಗ್ರಿ ಹೆಚ್ಚು ಬಿಸಿಯಾಗಿ ಹತ್ತು ವಾರಗಳಿಗೂ ಮೀರಿ ಹಾಗೆಯೇ ನಿಂತಿತು. ಅಲ್ಲಿನ ಕೆಲ್ಪ್ ಕಾಡಿನ ಉತ್ತರದ ತುದಿಯಲ್ಲಿ ಸುಮಾರು 100 ಕಿಲೋಮೀಟರ್ ಉದ್ದದ ಪಟ್ಟಿ ಇಲ್ಲವಾಯಿತು. ನೀರು ಮತ್ತೆ ತಣ್ಣಗಾದ ಮೇಲೂ ಅದು ಚಿಗುರಲಿಲ್ಲ, ಏಕೆಂದರೆ ಉಷ್ಣ ವಲಯದಿಂದ ಬಂದು ನೆಲೆಸಿದ ಎಲೆಮೇಯುವ ಮೀನುಗಳು ಎಳೆಯ ಕುಡಿಗಳನ್ನು ಸವರುತ್ತಿದ್ದವು, ಬಂಡೆಯನ್ನು ಗಿಡ್ಡ ಪಾಚಿಯ ಚಾಪೆ ಆಕ್ರಮಿಸಿಕೊಂಡಿತ್ತು, ಮೇಲಾಗಿ ಆ ಕರಾವಳಿಯ ಪ್ರವಾಹ ಉತ್ತರದಿಂದ ದಕ್ಷಿಣಕ್ಕೆ ಹರಿಯುವುದರಿಂದ ದಕ್ಷಿಣದಲ್ಲಿ ಉಳಿದ ಕಾಡಿನ ಬೀಜಾಣುಗಳು ಮೇಲಕ್ಕೆ ಬರುವುದು ಕಷ್ಟವಾಗಿತ್ತು.

ಉತ್ತರ ಕ್ಯಾಲಿಫೋರ್ನಿಯದ ಕಥೆಯನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಲ್ಲಿ ಸೀ ಅರ್ಚಿನ್ ಎಂಬ, ಮೈತುಂಬ ಮುಳ್ಳಿರುವ ಚೆಂಡಿನಂಥ ಜೀವಿ ಕೆಲ್ಪ್ ಮೇಯುತ್ತದೆ. ಅದನ್ನು ತಿಂದು ಹದ್ದುಬಸ್ತಿನಲ್ಲಿಡುತ್ತಿದ್ದ ಕಡಲ ನೀರುನಾಯಿಗಳನ್ನು ಹಿಂದಿನ ಶತಮಾನಗಳ ತುಪ್ಪಳದ ವ್ಯಾಪಾರ ಆ ಕರಾವಳಿಯಿಂದ ಅಳಿಸಿಹಾಕಿತ್ತು. ಉಳಿದ ಕಾವಲುಗಾರ ಒಂದೇ, ಸುಮಾರು ಒಂದು ಮೀಟರ್ ಅಗಲದ, ಇಪ್ಪತ್ತಕ್ಕೂ ಹೆಚ್ಚು ತೋಳುಗಳ ಸೂರ್ಯಕಾಂತಿ ನಕ್ಷತ್ರಮೀನು. 2013ರಲ್ಲಿ ಮೈ ಕರಗಿಸುವ ರೋಗವೊಂದು ಬಂದು ಆ ನಕ್ಷತ್ರಮೀನುಗಳನ್ನು ಕೊಂದಿತು. ಅದಕ್ಕೆ ಕಾರಣವಾದ ಬ್ಯಾಕ್ಟೀರಿಯ ಯಾವುದೆಂದು ವಿಜ್ಞಾನಿಗಳು ಪ್ರಕಟಿಸಿದ್ದು 2025ರಲ್ಲಿ. ರೋಗ ಬಂದ ಬೆನ್ನಿಗೇ 2014ರಿಂದ 2016ರವರೆಗೆ ಪೆಸಿಫಿಕ್‌ನಲ್ಲಿ ಭಾರೀ ಬಿಸಿ ನೀರಿನ ರಾಶಿ ಬೀಡುಬಿಟ್ಟಿತು. ಹಸಿದ ಕೆಲ್ಪ್, ಕಾವಲಿಲ್ಲದ ಅರ್ಚಿನ್, ಎರಡೂ ಒಟ್ಟಾದವು. ಸುಮಾರು 350 ಕಿಲೋಮೀಟರ್ ಕರಾವಳಿಯಲ್ಲಿ ಶೇ 90ಕ್ಕೂ ಹೆಚ್ಚು ಕೆಲ್ಪ್ ಕಾಡು ಹೋಯಿತು. ಕೆಲ್ಪ್ ತಿಂದು ಬದುಕುವ ಅಬಲೋನಿ ಎಂಬ ಚಿಪ್ಪುಜೀವಿ ಉಪವಾಸ ಬಿದ್ದು, ಅದನ್ನು ಹಿಡಿಯುವುದನ್ನೇ 2018ರಿಂದ ನಿಲ್ಲಿಸಬೇಕಾಯಿತು. ಮೇಯಲು ಏನೂ ಉಳಿಯದ ಬರಿಬಂಡೆಯ ಮೇಲೆ ಅರ್ಚಿನ್‌ಗಳು ಒಳಗೆ ಟೊಳ್ಳಾಗಿ, ಸಾಯದೆ ವರ್ಷಗಟ್ಟಲೆ ಕುಳಿತಿರುತ್ತವೆ. ಹೊಸ ಕುಡಿ ಮೂಡಿದರೆ ಅದನ್ನೂ ತಿನ್ನುತ್ತವೆ.

ಪ್ರಶ್ನೆ: ಟೊಮೆಟೊಗೆ ಸಿಂಪಡಿಸಲು ಗೊಬ್ಬರದ ಅಂಗಡಿಯವರು ಸೀವೀಡ್ ದ್ರಾವಣ ಕೊಡುತ್ತಾರೆ. ಇದು ನೀವು ಬರೆದ ಕೆಲ್ಪ್ ಕಾಡಿನಿಂದ ಬಂದದ್ದೇ? ಕಡಲು ಬಿಸಿಯಾದರೆ ಇದೂ ಸಿಗದೆ ಹೋದೀತೇ? ಇದರಿಂದ ನಿಜವಾಗಿ ಪ್ರಯೋಜನವಿದೆಯೇ?
– ಟೊಮೆಟೊ ಬೆಳೆಗಾರರು, ಶ್ರೀನಿವಾಸಪುರ

ಉತ್ತರ: ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ‘ಆಸ್ಕೋಫಿಲ್ಲಮ್’ ಎಂದಿದ್ದರೆ ಅದು ಉತ್ತರ ಅಟ್ಲಾಂಟಿಕ್‌ನ ತಣ್ಣನೆಯ ಕರಾವಳಿಗಳ, ಅಂದರೆ ಕೆನಡ, ನಾರ್ವೆ, ಐರ್ಲೆಂಡ್ ಕಡೆಯ ಕಂದು ಕಡಲಕಳೆ. ಕೆಲ್ಪ್‌ನ ದೂರದ ದಾಯಾದಿ. ‘ಕಪ್ಪಾಫೈಕಸ್’ ಎಂದಿದ್ದರೆ ಅದು ಕೆಂಪು ಕಡಲಕಳೆ, ಬಹುಶಃ ತಮಿಳುನಾಡಿನ ರಾಮನಾಥಪುರದ ಕಡಲಲ್ಲಿ ಬೆಳೆದದ್ದು. ಇದರ ಕಥೆ ನಿಮಗೆ ಹತ್ತಿರವಾದದ್ದು, ಏಕೆಂದರೆ ಅದೂ ಒಂದು ಬೇಸಾಯವೇ.

ಕಪ್ಪಾಫೈಕಸ್ ನಮ್ಮ ಕಡಲಿನದಲ್ಲ. ಮೂಲತಃ ಫಿಲಿಪ್ಪೀನ್ಸ್ ಕಡೆಯ ಈ ಕಳೆಯನ್ನು ಭಾವನಗರದಲ್ಲಿರುವ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯವರು 1984ರಲ್ಲಿ ಜಪಾನಿನಿಂದ ತರಿಸಿ ಮೊದಲು ಪ್ರಯೋಗವಾಗಿ ಬೆಳೆದರು. ರಾಮನಾಥಪುರದ ಪಾಕ್ ಕೊಲ್ಲಿಯ ದಡದ ಹೆಣ್ಣುಮಕ್ಕಳು ಬಿದಿರಿನ ತೆಪ್ಪಕ್ಕೆ ಹಗ್ಗ ಬಿಗಿದು, ಹಗ್ಗಕ್ಕೆ ಕಳೆಯ ತುಂಡುಗಳನ್ನು ಕಟ್ಟಿ ನೀರಿಗಿಳಿಸುತ್ತಾರೆ. ಸುಮಾರು 45 ದಿನಕ್ಕೆ ಕೊಯ್ಲು. ಕಬ್ಬಿನ ತುಂಡು ನೆಟ್ಟಂತೆ, ಕೊಯ್ದದ್ದರಲ್ಲೇ ಒಂದು ಭಾಗ ಮುಂದಿನ ಬೆಳೆಗೆ ಬಿತ್ತನೆ. ಅಂದರೆ ದಶಕಗಳಿಂದ ಬಹುಪಾಲು ಒಂದೇ ತಳಿ, ತುಂಡಿನಿಂದ ತುಂಡಾಗಿ ಮುಂದುವರಿದಿದೆ. ಒಂದಕ್ಕೆ ಸಹಿಸಲಾಗದ ಬಿಸಿ ಎಲ್ಲಕ್ಕೂ ಸಹಿಸಲಾಗದ ಬಿಸಿಯೇ. 2013–14ರಲ್ಲಿ ಅಲ್ಲಿನ ನೀರು ವಾಡಿಕೆ ಮೀರಿ ಕಾದಾಗ ತೆಪ್ಪ ತೆಪ್ಪಗಳೇ ಕೊಳೆತು ಹೋದವು, ಸಾಗುವಳಿ ಕುಸಿಯಿತು. ಬಿಸಿಯಿಂದ ಸೋತ ಕಳೆಯ ರೆಂಬೆಗಳು ಮಂಜುಗಡ್ಡೆಯಂತೆ ಬೆಳ್ಳಗಾಗಿ ಮುರಿದು ಬೀಳುವ ‘ಐಸ್–ಐಸ್’ ಎಂಬ ರೋಗವೂ ಇದೆ. ಕೆಲ್ಪ್‌ನಂತೆ ಇದು ತಣ್ಣೀರಿನ ಜೀವಿಯಲ್ಲ, 25ರಿಂದ 30 ಡಿಗ್ರಿಯಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ. ಆದರೆ ಅದರ ಮೇಲಿನ ಒಂದೆರಡು ಡಿಗ್ರಿಗೆ ಅದರ ಬಳಿ ಮೀಸಲು ಶಕ್ತಿ ಉಳಿದಿಲ್ಲ. ಬೆಲೆ ಕುಸಿದ ವರ್ಷ ಟೊಮೆಟೊ ರಸ್ತೆಗೆ ಸುರಿದವರ ನೋವು ಬಲ್ಲ ನಿಮಗೆ, ತೆಪ್ಪ ಕೊಳೆತ ಆ ಮಹಿಳೆಯರ ನಷ್ಟ ಅರ್ಥವಾಗದೆ ಇರದು.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಹೊರಗಿನ ಈ ಕಳೆ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಬಳಿ ಹವಳಗಳ ಮೇಲೆ ಹಬ್ಬಿ ಅವನ್ನು ಉಸಿರುಗಟ್ಟಿಸಿದ್ದು 2008ರಲ್ಲಿ ವರದಿಯಾಗಿದೆ. ಬಿಸಿಗೆ ಬೆಳ್ಳಗಾಗುತ್ತಿರುವ ಹವಳದ ಮೇಲೆ ಇದೊಂದು ಹೆಚ್ಚಿನ ಹೊರೆ. ಸಾಗುವಳಿ ಬೇಡವೆಂದು ನಾನು ಹೇಳುವುದಿಲ್ಲ. ಎಲ್ಲಿ ಬೆಳೆಯಬೇಕೆಂಬುದನ್ನು ನೋಡಿ ಬೆಳೆಯಬೇಕು.

ಪ್ರಯೋಜನದ ಮಾತು: ಸೀವೀಡ್ ಸಾರದಲ್ಲಿ ಪೊಟ್ಯಾಷ್ ಜೊತೆಗೆ ಗಿಡದ ಬೆಳವಣಿಗೆಯನ್ನು ಪ್ರಚೋದಿಸುವ ಅಂಶಗಳಿವೆ, ಬಿಸಿಲು ಅಥವಾ ನೀರಿನ ಕೊರತೆಯನ್ನು ತಾಳಿಕೊಳ್ಳಲು ಅವು ನೆರವಾಗಬಲ್ಲವು. ಆದರೆ ಅದು ಗೊಬ್ಬರದ ಬದಲಿಯಲ್ಲ. ಕೇಂದ್ರ ಸರ್ಕಾರ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು, ಸೀವೀಡ್ ಸಾರವೂ ಸೇರಿದಂತೆ ಜೈವಿಕ ಉತ್ತೇಜಕಗಳನ್ನು ಅದರ ವ್ಯಾಪ್ತಿಗೆ ಸೇರಿಸಿದೆ. ಕೊಳ್ಳುವಾಗ ಬಿಲ್ಲು ಕೇಳಿ, ಏನು ಎಷ್ಟಿದೆ ಎಂದು ಬರೆಯದ ಡಬ್ಬಿಯನ್ನು ಕೊಳ್ಳಬೇಡಿ.

ಪ್ರಶ್ನೆ: ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ಗೋಕರ್ಣ, ಮಲ್ಪೆಗೆ ಕರೆದೊಯ್ದಿದ್ದೆವು. ಬಂಡೆಗಳ ಮೇಲೆ ಹಸಿರು, ಕಂದು ಬಣ್ಣದ ಕಳೆ ಕಂಡು ಮಕ್ಕಳು ಇದೇ ಕೆಲ್ಪ್ ಏನೆಂದು ಕೇಳಿದರು. ಏನು ಹೇಳಲಿ? ಅವಕ್ಕೂ ಇದೇ ಗತಿಯೇ?
– ಪ್ರೌಢಶಾಲಾ ಶಿಕ್ಷಕಿ, ಗೌರಿಬಿದನೂರು

ಉತ್ತರ: ಅದು ಕೆಲ್ಪ್ ಅಲ್ಲ ಎಂದು ಮಕ್ಕಳಿಗೆ ಹೇಳಿ. ನಮ್ಮ ಕರಾವಳಿಯ ನೀರು ಕೆಲ್ಪ್‌ಗೆ ಬಹಳ ಬೆಚ್ಚಗಿನದು. ಅವರು ಕಂಡ ತೆಳುವಾದ ಹಸಿರು ಹಾಳೆಯಂಥದ್ದು ಉಲ್ವಾ ಇರಬೇಕು. ಬೀಸಣಿಗೆಯ ಆಕಾರದ್ದು ಪಡೀನಾ. ಕಂದು ರೆಂಬೆಗಳಲ್ಲಿ ಸಣ್ಣ ಕಾಳಿನಂಥ ಗಾಳಿಗುಳ್ಳೆಗಳನ್ನು ಹೊತ್ತು ನಿಂತದ್ದು ಸರ್ಗಾಸಮ್. ಸರ್ಗಾಸಮ್ ಕೆಲ್ಪ್‌ನಷ್ಟು ಎತ್ತರವಿಲ್ಲದಿದ್ದರೂ ಮಾಡುವ ಕೆಲಸ ಅದೇ: ಮರಿಮೀನು, ಸೀಗಡಿ, ಏಡಿಗಳಿಗೆ ನೆರಳು, ಮೇವು, ಅಡಗುದಾಣ. ಮುಂಗಾರಿನಲ್ಲಿ ನದಿಗಳ ಸಿಹಿನೀರು, ಕೆಸರು ಮತ್ತು ತೆರೆಗಳ ಹೊಡೆತಕ್ಕೆ ಸಿಕ್ಕಿ ಇವು ಬಹಳಷ್ಟು ಕಳಚಿಹೋಗಿ, ಮಳೆ ನಿಂತ ಮೇಲೆ ಮತ್ತೆ ಚಿಗುರುತ್ತವೆ. ಆದ್ದರಿಂದ ಮುಂದಿನ ಪ್ರವಾಸವನ್ನು ಡಿಸೆಂಬರ್, ಜನವರಿಯಲ್ಲಿ, ಇಳಿತದ ಹೊತ್ತು ನೋಡಿಕೊಂಡು ಇಟ್ಟುಕೊಳ್ಳಿ.

ಅವುಗಳ ಗತಿ ಏನೆಂಬ ಪ್ರಶ್ನೆಗೆ ಉತ್ತರ ಬೇರೆ. ಉಷ್ಣ ವಲಯದ ಕಳೆಗಳು ಬಿಸಿಗೆ ಒಗ್ಗಿದವು ನಿಜ, ಆದರೆ ತಾವು ತಾಳಬಲ್ಲ ಮೇಲ್ಮಿತಿಯ ಹತ್ತಿರದಲ್ಲೇ ಅವು ಬದುಕುತ್ತಿವೆ. ಭೂ ವಿಜ್ಞಾನ ಸಚಿವಾಲಯದ 2020ರ ಮೌಲ್ಯಮಾಪನದಂತೆ 1951ರಿಂದ 2015ರ ನಡುವೆ ಉಷ್ಣ ವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸರಾಸರಿ 1 ಡಿಗ್ರಿ ಬಿಸಿಯೇರಿದೆ; ಇದೇ ಅವಧಿಯ ಜಾಗತಿಕ ಸರಾಸರಿ 0.7. ಭೂಪಟವನ್ನು ತರಗತಿಯಲ್ಲಿ ಬಿಡಿಸಿ ಒಂದು ಸಂಗತಿ ತೋರಿಸಿ. ಅಟ್ಲಾಂಟಿಕ್, ಪೆಸಿಫಿಕ್‌ಗಳಲ್ಲಿ ಬಿಸಿ ತಾಳದ ಜೀವಿ ತಲೆಮಾರಿನಿಂದ ತಲೆಮಾರಿಗೆ ಧ್ರುವದ ಕಡೆಗೆ ಸರಿಯಬಹುದು. ನಮ್ಮ ಅರಬ್ಬಿ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಉತ್ತರದಲ್ಲಿ ನೆಲ ಅಡ್ಡ ಬಂದಿದೆ. ಗೋಕರ್ಣದ ಬಂಡೆಯ ಸರ್ಗಾಸಮ್‌ಗೆ ಗುಜರಾತ್ ದಾಟಿದರೆ ಮುಂದೆ ಹೋಗಲು ಹೆಚ್ಚು ಕಡಲಿಲ್ಲ. ಮಕ್ಕಳಿಗೆ ಇದು ಕೂಡಲೇ ಅರ್ಥವಾಗುತ್ತದೆ.

ಪ್ರಶ್ನೆ: ಹಬ್ಬಕ್ಕೆ ಚೈನಾ ಗ್ರಾಸ್ ಹಾಕಿ ಹಾಲಿನ ಸಿಹಿ ಮಾಡುತ್ತೇನೆ. ಅದು ಕಡಲಕಳೆಯಿಂದ ಆದದ್ದು ಎಂದು ಮಗಳು ಹೇಳುತ್ತಾಳೆ. ಅದರ ಬೆಲೆ ಏರುವುದಕ್ಕೂ ಕಡಲು ಬಿಸಿಯಾಗುವುದೇ ಕಾರಣವೇ?
– ಗೃಹಿಣಿ, ತಿಪಟೂರು

ಉತ್ತರ: ಮಗಳು ಹೇಳಿದ್ದು ಸರಿ. ಚೈನಾ ಗ್ರಾಸ್ ಎಂದರೆ ಅಗರ್. ಜೆಲಿಡಿಯಂ, ಗ್ರಾಸಿಲೇರಿಯ ಮುಂತಾದ ಕೆಂಪು ಕಡಲಕಳೆಗಳನ್ನು ಬೇಯಿಸಿ ತೆಗೆಯುವ ಅಂಟು. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಲು ಸುಮಾರು 85 ಡಿಗ್ರಿ ಕಾಯಬೇಕು. ಫ್ರಿಜ್ ಇಲ್ಲದೆಯೂ ನಿಮ್ಮ ಸಿಹಿ ತಟ್ಟೆಯಲ್ಲಿ ನಿಲ್ಲುವುದು ಅದಕ್ಕೇ. ರೋಗಾಣುಗಳನ್ನು ಬೆಳೆಸಲು ಬಳಸುತ್ತಿದ್ದ ಜೆಲಟಿನ್ ಬೇಸಿಗೆಯಲ್ಲಿ ಕರಗಿ ನೀರಾಗುತ್ತಿದ್ದಾಗ, 1881ರಲ್ಲಿ ಜರ್ಮನಿಯಲ್ಲಿ ಫ್ಯಾನಿ ಹೆಸ್ಸೆ ಎಂಬ ಗೃಹಿಣಿ ತನ್ನ ಅಡುಗೆಮನೆಯ ಅನುಭವದಿಂದ ಇದನ್ನು ಸೂಚಿಸಿದರು. ಇಂದಿಗೂ ಎಲ್ಲ ಪ್ರಯೋಗಾಲಯಗಳೂ ಅವರ ಋಣದಲ್ಲಿವೆ. ಅಂಗಾಂಶ ಕೃಷಿಯ ಬಾಳೆಸಸಿ ಬಾಟಲಿಯೊಳಗೆ ಕಣ್ಣುಬಿಡುವುದೂ ಇದೇ ಅಂಟಿನ ಮೇಲೆ.

ಬೆಲೆಯ ಬಗ್ಗೆ ಆತುರದ ತೀರ್ಮಾನ ಬೇಡ. 2015ರಲ್ಲಿ ಜಗತ್ತಿನಾದ್ಯಂತ ಅಗರ್ ಅಭಾವವಾದಾಗ ಮುಖ್ಯ ಕಾರಣ, ಮೊರಾಕೋದ ಕರಾವಳಿಯಲ್ಲಿ ಜೆಲಿಡಿಯಂ ಅತಿಯಾಗಿ ಕಿತ್ತದ್ದು ಮತ್ತು ಅಲ್ಲಿನ ಸರ್ಕಾರ ಕೊಯ್ಲಿಗೂ ರಫ್ತಿಗೂ ಮಿತಿ ಹಾಕಿದ್ದು. ಎಲ್ಲ ಕೇಡನ್ನೂ ಬಿಸಿಯ ತಲೆಗೇ ಕಟ್ಟಿದರೆ, ನಾವು ಕೈಯಾರೆ ಮಾಡಿದ ಕೇಡು ಮರೆಯಾಗಿಬಿಡುತ್ತದೆ.

ಪ್ರಶ್ನೆ: ಕಾಡು ಕಡಿದ ಕಡೆ ಸಸಿ ನೆಡುತ್ತೇವೆ. ಹಾಳಾದ ಕೆಲ್ಪ್ ಕಾಡನ್ನೂ ಮತ್ತೆ ನೆಡಬಹುದೇ?
– ಪಿಯುಸಿ ವಿದ್ಯಾರ್ಥಿ, ಮಧುಗಿರಿ

ಉತ್ತರ: ನೆಡಬಹುದು, ನೆಡುತ್ತಿದ್ದಾರೆ. ಫಲ ಮಾತ್ರ ಕಾಡು ಏಕೆ ಹೋಯಿತು ಎಂಬುದನ್ನು ಅವಲಂಬಿಸಿದೆ. ಸಿಡ್ನಿ ನಗರದ ಸುಮಾರು 70 ಕಿಲೋಮೀಟರ್ ಕರಾವಳಿಯಿಂದ ‘ಕ್ರೇವೀಡ್’ ಎಂಬ ಕಂದು ಕಡಲಕಳೆ 1980ರ ದಶಕದ ಹೊತ್ತಿಗೆ ಕಾಣೆಯಾಗಿತ್ತು. ಕೊಳಚೆ ನೀರು ಕಾರಣವೆಂದು ನಂಬಲಾಗಿದೆ. ನೀರು ಶುದ್ಧವಾದ ಮೇಲೂ ಅದು ತಾನಾಗಿ ಮರಳದಿದ್ದಾಗ, ವಿಜ್ಞಾನಿಗಳು ಬೇರೆಡೆಯ ಬಲಿತ ಗಂಡು ಹೆಣ್ಣು ಕಳೆಗಳನ್ನು ತಂದು ಬಂಡೆಗೆ ಬಿಗಿದರು. ಅವು ಮರಿ ಹಾಕಿ ಹರಡಿದವು. ಅಲ್ಲಿ ಕೇಡಿನ ಮೂಲ ನಿಂತಿತ್ತು, ಹಾಗಾಗಿ ನೆಟ್ಟದ್ದು ಉಳಿಯಿತು.

ಟಾಸ್ಮೇನಿಯದಲ್ಲಿ ಕೇಡಿನ ಮೂಲ ಇನ್ನೂ ಹರಿಯುತ್ತಿದೆ. ಪೂರ್ವ ಆಸ್ಟ್ರೇಲಿಯದ ಬೆಚ್ಚನೆಯ ಪ್ರವಾಹ ಹಿಂದಿಗಿಂತ ದಕ್ಷಿಣಕ್ಕೆ ಚಾಚಿಕೊಂಡು, ಆ ದ್ವೀಪದ ಪೂರ್ವ ಕರಾವಳಿಯ ದೈತ್ಯ ಕೆಲ್ಪ್ ಶೇ 95ರಷ್ಟು ನಾಶವಾಗಿದೆ. ಅದೇ ಪ್ರವಾಹದಲ್ಲಿ ಉತ್ತರದಿಂದ ತೇಲಿಬಂದ ಉದ್ದ ಮುಳ್ಳಿನ ಅರ್ಚಿನ್ ಅಲ್ಲಿ ಮೊದಲು ಕಂಡದ್ದು 1978ರಲ್ಲಿ. ಅದರ ಲಾರ್ವಾ, ಅಂದರೆ ನೀರಲ್ಲಿ ತೇಲುವ ಎಳೆಯ ಮರಿ, ಬದುಕಲು ಬೇಕಾದ 12 ಡಿಗ್ರಿಯನ್ನು ಈಗ ಅಲ್ಲಿನ ಚಳಿಗಾಲದ ನೀರೂ ದಾಟುತ್ತಿದೆ. ಅದನ್ನು ತಿನ್ನುವ ದೊಡ್ಡ ಕಲ್ಲುಸೀಗಡಿಗಳನ್ನು ಮನುಷ್ಯರು ಅತಿಯಾಗಿ ಹಿಡಿದಿದ್ದರು. 2012ರಲ್ಲಿ ಆಸ್ಟ್ರೇಲಿಯ ಸರ್ಕಾರ ಈ ಕೆಲ್ಪ್ ಕಾಡುಗಳನ್ನು ಅಪಾಯದಂಚಿನ ಜೀವಸಮುದಾಯವೆಂದು ಘೋಷಿಸಿತು. ಇಂಥ ಕಡೆ ಹಳೆಯ ತಳಿಯನ್ನೇ ತಂದು ನೆಟ್ಟರೆ ಅದೂ ಹಸಿದು ಸಾಯುತ್ತದೆ.

ಅಲ್ಲಿನ ಸಂಶೋಧಕರು ಮಾಡಿದ್ದು ಬರಗಾಲದ ವರ್ಷ ನಮ್ಮ ಹಿರಿಯರು ಮಾಡುತ್ತಿದ್ದ ಕೆಲಸ. ಹೊಲವೆಲ್ಲ ಒಣಗಿದಾಗಲೂ ತೆನೆ ಕಟ್ಟಿದ ನಾಲ್ಕು ರಾಗಿ ಗಿಡಗಳನ್ನು ಗುರುತಿಟ್ಟು ಅವುಗಳ ಕಾಳನ್ನೇ ಬಿತ್ತನೆಗೆ ಎತ್ತಿಡುತ್ತಿದ್ದಂತೆ, ಬಿಸಿಯಲ್ಲೂ ಅಳಿಯದೆ ಉಳಿದ ಕೆಲವೇ ಕೆಲ್ಪ್‌ಗಳ ಬೀಜಾಣುಗಳನ್ನು ಕೂಡಿಸಿ, ಪ್ರಯೋಗಾಲಯದ ಬೆಚ್ಚನೆಯ ನೀರಿನಲ್ಲಿ ಬೆಳೆಸಿ, ತಾಳಿಕೊಂಡವನ್ನು ಆರಿಸಿ, ದಾರಕ್ಕೆ ಸುತ್ತಿ ಕಡಲ ಬಂಡೆಗೆ ಕಟ್ಟಿದರು. ಹಾಗೆ ಕಟ್ಟಿದವುಗಳಲ್ಲಿ ಕೆಲವು ಹಲವು ಮೀಟರ್ ಎತ್ತರಕ್ಕೆ ಬೆಳೆದಿವೆ.